ವಿಲ್ಫ್ ಬೊರಿಲ್‌ಗೆ ಸಿಕ್ಕ ಮೂರು ಸಾವಿರದ ಇನ್ನೂರ ಹನ್ನೆರಡನೇ ವಸ್ತು

ಮೊದಲೇ ಹೇಳ್ಬಿಡ್ತೀನಿ, ನಾನು ಮಾಡಿದ್ದು ಕಳ್ಳತನ ಅಲ್ಲ. ಕಳ್ಳರು ಹೊಲದಿಂದ ತಗೊಂಡು ಹೋಗ್ತಾರೆ. ನಾನು ಮನೆಯಿಂದ ತಗೊಂಡು ಹೋಗಿ ಹೊಲದಲ್ಲಿ ಇಟ್ಟು ಬಂದೆ. ಇದಕ್ಕೆ ಪೊಲೀಸರ ಹತ್ರ ಸರಿಯಾದ ಹೆಸರು ಕೂಡ ಇಲ್ಲ ಅಂತ ಕಾಣುತ್ತೆ. ಆದ್ರೆ ನಮ್ಮ ಮಿಕಲ್‌ಬಿಯಲ್ಲಿ, ಭಾನುವಾರ ಬಂದ್ರೆ ಮೆಟಲ್ ಡಿಟೆಕ್ಟರ್ ಹಿಡ್ಕೊಂಡು ಹೊಲ ಸುತ್ತೋ ಜನರ ನಡುವೆ, ಕಳ್ಳನಿಗಾದ್ರೂ ಒಂದು ಕಪ್ ಚಹಾ ಕೊಟ್ಟಾರು. ನಾನು ಮಾಡಿದ್ದನ್ನ ಮಾಡಿದವರಿಗೆ ಅದೂ ಇಲ್ಲ.

ಎಲ್ಲಾ ಶುರುವಾಗಿದ್ದು ವಿಲ್ಫ್ ಬೊರಿಲ್ ಮೇಲಿನ ಪ್ರೀತಿಯಿಂದ.

ವಿಲ್ಫ್‌ಗೆ ಅರವತ್ತೆಂಟು, ನನಗೆ ಇಪ್ಪತ್ತು. ನಮ್ಮಿಬ್ಬರ ಸ್ನೇಹಕ್ಕೆ ಒಂದು ಸೈಕಲ್ ಬೀಗದ ಕೀ ಕಾರಣ. ಎರಡು ವರ್ಷದ ಹಿಂದೆ ಊರ ಮಧ್ಯದ ಹುಲ್ಲು ಮೈದಾನದಲ್ಲಿ ಕೀ ಕಳ್ಕೊಂಡು, ಕಾಲೇಜಿನ ಬಸ್ಸೂ ತಪ್ಪಿಸ್ಕೊಂಡು, ಮಂಡಿಯೂರಿ ಅಳ್ತಾ ಹುಡುಕ್ತಿದ್ದೆ. ಕಿವಿಗೆ ಹೆಡ್‌ಫೋನು ಹಾಕ್ಕೊಂಡು, ಉದ್ದ ಕೋಲಿನ ತುದಿಗೆ ಊಟದ ತಟ್ಟೆ ಸಿಕ್ಕಿಸಿದಂಥ ಮೆಷಿನ್ನು ಹಿಡ್ಕೊಂಡು ಒಬ್ಬರು ಬಂದ್ರು. "ಅಳ್ಬೇಡ ಡಕ್, ಸ್ವಲ್ಪ ಪಕ್ಕಕ್ಕೆ ಸರಿ" ಅಂದ್ರು. ನಮ್ಮ ಲಿಂಕನ್‌ಶೈರ್ ಕಡೆ ಪ್ರೀತಿ ಬಂದ್ರೆ ಎದುರಿಗಿದ್ದವರನ್ನ ಬಾತುಕೋಳಿ ಮಾಡ್ಬಿಡ್ತಾರೆ.

ಹನ್ನೊಂದು ನಿಮಿಷಕ್ಕೆ ಕೀ ಸಿಕ್ತು. ನಾನು ಥ್ಯಾಂಕ್ಸ್ ಹೇಳಿ ಓಡೋಣ ಅಂದ್ರೆ ಅವರು ಜೇಬಿಂದ ಒಂದು ದಪ್ಪ ನೋಟ್‌ಬುಕ್ಕು ತೆಗೆದ್ರು. "ಹೆಸರು?" ಅಂದ್ರು. "ಬ್ರಯೊನಿ" ಅಂದೆ. ಇಂಕ್ ಪೆನ್ನಲ್ಲಿ ನಿಧಾನಕ್ಕೆ ಬರೆದ್ರು: "ಸಂಖ್ಯೆ ೨,೪೦೬. ಸೈಕಲ್ ಬೀಗದ ಕೀ. ಊರ ಮೈದಾನ, ನೀರಿನ ಪಂಪಿನಿಂದ ಹತ್ತು ಹೆಜ್ಜೆ. ಆಳ: ಇಲ್ಲ. ಕಾಲ: ಈಗಿನದು. ಷರಾ: ವಾರಸುದಾರಳಿಗೆ ಬಟವಾಡೆ ಆಗಿದೆ."

ಮೂವತ್ತನಾಲ್ಕು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದವರು. ರಿಟೈರ್ ಆದ್ಮೇಲೂ ಪ್ರಪಂಚದಲ್ಲಿರೋ ಪ್ರತಿ ವಸ್ತುವಿಗೂ ಒಂದು ವಿಳಾಸ ಇರ್ಬೇಕು ಅನ್ನೋ ಹಟ ಬಿಟ್ಟಿಲ್ಲ.

ಒಂಬತ್ತು ವರ್ಷದಲ್ಲಿ ಅವರಿಗೆ ನೆಲದಿಂದ ಸಿಕ್ಕಿದ್ದು ಮೂರು ಸಾವಿರದ ಇನ್ನೂರ ಹನ್ನೊಂದು ವಸ್ತು. ಅದ್ರಲ್ಲಿ ಎಂಟುನೂರಕ್ಕೂ ಮೇಲೆ ಬಿಯರು-ಸೋಡಾ ಡಬ್ಬಿ ತೆಗೆಯೋ ರಿಂಗುಗಳು. ಆಮೇಲೆ ಕುದುರೆ ಲಾಳದ ಮೊಳೆ, ಪ್ಯಾಂಟಿನ ಗುಂಡಿ, ಟ್ರ್ಯಾಕ್ಟರಿನ ಹಲ್ಲು, ಬಂದೂಕಿನ ತೋಟಾದ ತಳ, ಒಂದು ಚಮಚದ ಅರ್ಧ. ಇನ್ನರ್ಧ ನಾಲ್ಕು ವರ್ಷ ಆದ್ಮೇಲೆ ಸಿಕ್ತು, ಅವತ್ತು ಅವರ ಮನೆಯಲ್ಲಿ ಹಬ್ಬ. ಆದ್ರೆ ಹಳೇದು ಅಂತ ಹೇಳ್ಕೊಳ್ಳೋ ಒಂದು ನಾಣ್ಯ ಇಲ್ಲ, ಒಂದು ಬಕಲ್ ಇಲ್ಲ. ಹೋದ ತಿಂಗಳು ನಮ್ಮ ಮೆಟಲ್ ಡಿಟೆಕ್ಟರ್ ಕ್ಲಬ್ಬಿಗೆ ಹೊಸದಾಗಿ ಸೇರಿದ ದಂತವೈದ್ಯರೊಬ್ಬರು ಮೂರನೇ ವಾರಕ್ಕೇ ಬಂಗಾರದ ಉಂಗುರ ತೆಗೆದ್ರು. ಎಲ್ಲಿ ಸಿಕ್ತು ಅಂತ ಕ್ಲಬ್ಬಿನ ಸೆಕ್ರೆಟರಿ ಆಗಿರೋ ವಿಲ್ಫ್ ಕೇಳಿದ್ರೆ, "ಅಯ್ಯೋ ಅಲ್ಲೇ, ಆ ಕಡೆ ಎಲ್ಲೋ" ಅಂತ ಕೈ ಬೀಸಿದ್ರು. ವಿಲ್ಫ್ ಮನೆಗೆ ಬಂದು ಎರಡು ದಿನ ಮಾತಾಡ್ಲಿಲ್ಲ.

ಮೂರನೇ ದಿನ ಮಾತಾಡಿದ್ರು. "ಈ ಭಾನುವಾರ ಕೊನೇದು ಡಕ್. ಸಾಕು."

"ಬಂಗಾರ ಸಿಗ್ಲಿಲ್ಲ ಅಂತನಾ?" ಅಂದೆ.

"ಬಂಗಾರ ಯಾರಿಗೆ ಬೇಕು. ಯಾರೋ ಒಬ್ಬ ಮನುಷ್ಯ ಸಾವಿರ ವರ್ಷದ ಹಿಂದೆ ಏನೋ ಬೀಳಿಸ್ಕೊಂಡ, ಸಂಜೆತನಕ ಹುಡುಕಿದ, ಸಿಗ್ಲಿಲ್ಲ, ಮನೆಗೆ ಹೋಗಿ ಹೆಂಡ್ತಿ ಹತ್ರ ಬೈಸ್ಕೊಂಡ. ಅದನ್ನ ತೆಗೆದು, 'ಸಿಕ್ತಪ್ಪ, ಇಲ್ಲಿದೆ' ಅಂತ ಒಂದ್ಸಲ ಹೇಳ್ಬೇಕಿತ್ತು. ಅಷ್ಟೇ. ಅದು ನನ್ನ ಕೈಲಿ ಆಗೋದಲ್ಲ ಅನ್ಸುತ್ತೆ."

ಅವರ ಹೆಂಡ್ತಿ ಎನಿಡ್ ಸುಮ್ನೆ ಕೂರೋವರಲ್ಲ. ಸೋಮವಾರ ಚರ್ಚಿನ ಹಳೇ ಸಾಮಾನು ಮಾರಾಟ ಇತ್ತು. ಶನಿವಾರವೇ ಮೆಷಿನ್ನಿನ ಹಿಡಿಗೆ ದಾರ ಕಟ್ಟಿ ಒಂದು ಚೀಟಿ ನೇತು ಹಾಕಿದ್ರು: "ಮಾರಾಟಕ್ಕಿದೆ. ಸುಸ್ಥಿತಿಯಲ್ಲಿದೆ. ಒಬ್ಬರೇ ಬಳಸಿದ್ದು." ಆ ಚೀಟಿ ನೋಡಿ ನನಗೆ ಯಾರೋ ನಮ್ಮ ನಾಯಿಯನ್ನ ಕೊಟ್ಬಿಡ್ತಿದ್ದಾರೆ ಅನ್ನಿಸ್ತು.

ಆ ರಾತ್ರಿ ನನ್ನ ಮೇಜಿನ ಡ್ರಾಯರಿನಲ್ಲಿ ಚಿಕ್ಕಮ್ಮ ಕೈರೋದಿಂದ ತಂದುಕೊಟ್ಟ ನಾಣ್ಯ ಕಣ್ಣಿಗೆ ಬಿತ್ತು. ಒಂದು ಕಡೆ ಉದ್ದ ಮೂಗಿನ ರಾಣಿ, ಇನ್ನೊಂದು ಕಡೆ ರೆಕ್ಕೆ ಬಿಚ್ಚಿದ ಹದ್ದು. ಜೊತೆಗೆ ಗುಲಾಬಿ ಬಣ್ಣದ ಸರ್ಟಿಫಿಕೇಟು. ಎರಡೂ ಎತ್ಕೊಂಡು ಜಾಕೆಟ್ ಜೇಬಿಗೆ ಹಾಕಿದೆ. ಸರ್ಟಿಫಿಕೇಟು ಯಾಕೆ ತಗೊಂಡೆ ಅಂತ ಕೇಳ್ಬೇಡಿ. ಅಪರಾಧ ಮಾಡೋವಾಗ ಕಾಗದಪತ್ರ ಸರಿಯಾಗಿರ್ಲಿ ಅನ್ನಿಸಿರ್ಬೇಕು.

ಹೊಲ ಟೆಡ್ ಲೆಗೆಟ್ ಅವರದ್ದು. ಒಂಬತ್ತು ವರ್ಷದಿಂದ ವಿಲ್ಫ್‌ಗೆ ಅಲ್ಲಿ ಅನುಮತಿ. ಕಾಗದ ಇಲ್ಲ, ಸಹಿ ಇಲ್ಲ. ಪ್ರತಿ ವರ್ಷ ಗೋಧಿ ಕೊಯ್ದಾದ್ಮೇಲೆ ಗೇಟಿನ ಹತ್ರ ಇಬ್ಬರೂ ಕೈ ಕುಲುಕ್ತಾರೆ, ಅಷ್ಟೇ. ಮೆಷಿನ್ನು ಹಿಡಿದವರಿಗೆ ಅನುಮತಿ ಅಂದ್ರೆ ಜೀವ. ಅದು ನಿಂತಿರೋದು ಹೆಸರಿನ ಮೇಲೆ. ಹೆಸರು ಕೆಟ್ರೆ ಊರಲ್ಲಿ ಒಂದು ಗೇಟೂ ತೆಗೆಯಲ್ಲ.

ಅದಕ್ಕೇ ವಿಲ್ಫ್ ನನಗೆ ಮೊದಲು ಕಲಿಸಿದ್ದು ಹುಡುಕೋದನ್ನಲ್ಲ, ಮುಚ್ಚೋದನ್ನ. ಹುಲ್ಲನ್ನ ಮೂರು ಕಡೆ ಕತ್ತರಿಸ್ಬೇಕು, ಪುಸ್ತಕದ ಹಾಳೆ ಥರ ಮಗುಚ್ಬೇಕು, ಅಗೆದ ಮಣ್ಣೆಲ್ಲ ವಾಪಸ್ ಹಾಕಿ ಹಾಳೆ ಮುಚ್ಬೇಕು, ಹಿಮ್ಮಡಿಯಲ್ಲಿ ಎರಡು ಸಲ, ಮುಂಗಾಲಲ್ಲಿ ಒಂದು ಸಲ ತುಳೀಬೇಕು. ಮಳೆ ಇಲ್ಲದ ದಿನ ಆದ್ರೆ ಮೇಲೆ ನೀರು ಹಾಕ್ಬೇಕು, ಇಲ್ಲಾಂದ್ರೆ ಆ ತುಂಡು ಹುಲ್ಲು ಒಣಗಿ ಕಂದಾಗುತ್ತೆ. "ನಾವು ಬಂದುಹೋಗಿದ್ದು ಹುಲ್ಲಿಗೂ ಗೊತ್ತಾಗ್ಬಾರದು" ಅಂತಿದ್ರು.

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ವಿಲ್ಫ್ ಬೇಲಿ ಹಿಂದೆ ಹೋದ್ರು. ಈ ವಯಸ್ಸಲ್ಲಿ ಅವರಿಗೆ ಬೇಲಿ ಹಿಂದೆ ಏಳು ನಿಮಿಷ ಬೇಕಾಗುತ್ತೆ. ಆ ಏಳು ನಿಮಿಷದಲ್ಲಿ ನಾನು ಓಕ್ ಮರದ ಹತ್ರ, ಕುರಿ ಮೇಯೋ ಹುಲ್ಲಂಚಿಗೆ ಓಡಿ, ಮೂರು ಕಡೆ ಕತ್ತರಿಸಿ, ನಾಣ್ಯ ಇಟ್ಟು, ಮಣ್ಣು ಹಾಕಿ, ಹಿಮ್ಮಡಿಯಲ್ಲಿ ಎರಡು, ಮುಂಗಾಲಲ್ಲಿ ಒಂದು ತುಳಿದು, ಇನ್ನೇನು ಬಿಟ್ಟೆ ಅಂತ ಯೋಚಿಸಿದೆ. ನೀರು. ಒಂದು ತಿಂಗಳಿಂದ ಮಳೆ ಇಲ್ಲ. ನೀರಿನ ಬಾಟ್ಲಿ ಗೇಟಿನ ಹತ್ರ ಇತ್ತು. ಕೈಯಲ್ಲಿ ನನ್ನ ಫ್ಲಾಸ್ಕು ಇತ್ತು.

ಹುಲ್ಲಿಗೆ ಚಹಾ ಹಾಕಿದೆ. ಆಮೇಲೆ ಏನೂ ಗೊತ್ತಿಲ್ಲದವಳ ಥರ ಗೋಧಿ ಕೂಳೆ ಮಧ್ಯೆ ಹೋಗಿ ನಿಂತೆ.

ವಿಲ್ಫ್ ಬಂದ್ರು. "ಆ ಹುಲ್ಲಂಚು ನೋಡೋಣ್ವಾ?" ಅಂದೆ.

"ಹೋದ ವಾರ ತಾನೇ ನೋಡಿದ್ವಲ್ಲ."

"ಹೋದ ವಾರ ನೆಲ ಒಣಗಿತ್ತು."

"ಈ ವಾರಾನೂ ಒಣಗಿದೆ."

"ಈ ವಾರ ಬೇರೆ ಥರ ಒಣಗಿದೆ ವಿಲ್ಫ್."

ಅವರು ನನ್ನ ಮುಖ ನೋಡಿದ್ರು. ಕೊನೇ ದಿನ, ಹುಡುಗಿ ಹೇಳ್ತಿದ್ದಾಳೆ ಅಂತ ಬಂದ್ರು. ಹತ್ತು ನಿಮಿಷ ಆಚೆ ಈಚೆ ಬೀಸಿದ್ರು. ಓಕ್ ಮರದ ಹತ್ರ ಮೆಷಿನ್ನು ಕೂಗ್ತು. ವಿಲ್ಫ್ ನಿಂತ್ರು. ಮತ್ತೆ ಬೀಸಿದ್ರು, ಮತ್ತೆ ಕೂಗ್ತು. ಮಂಡಿಯೂರಿ ಹುಲ್ಲು ಕತ್ತರಿಸಿದ್ರು. ಮಣ್ಣು ತೆಗೆದ್ರು. ನಾಣ್ಯ ಮೇಲೆ ಬಂತು.

ಬೇರೆಯವರಾಗಿದ್ರೆ ಕುಣೀತಿದ್ರು. ದಂತವೈದ್ಯರು ಉಂಗುರ ಸಿಕ್ಕಾಗ ಹೊಲದ ಸುತ್ತ ಓಡಿದ್ರಂತೆ. ವಿಲ್ಫ್ ನಾಣ್ಯ ನೋಡಿದ್ರು, ಗುಂಡಿ ನೋಡಿದ್ರು. ಮಣ್ಣಲ್ಲಿ ಬೆರಳಿಟ್ಟು ಮೂಗಿನ ಹತ್ರ ತಂದ್ರು. ಆಮೇಲೆ ಹಾಗೇ ಹುಲ್ಲಿನ ಮೇಲೆ ಕೂತ್ಬಿಟ್ರು. ಪಾಪ, ಒಂಬತ್ತು ವರ್ಷದ ಆಸೆ, ಮಣ್ಣಿನ ವಾಸನೆ ತಗೊಳ್ತಿದ್ದಾರೆ ಅಂತ ನನ್ನ ಕಣ್ಣಲ್ಲಿ ನೀರು ಬಂತು.

ಕೂತಲ್ಲೇ ನೋಟ್‌ಬುಕ್ಕು ತೆಗೆದು ಬರೆದ್ರು. ಇಂಕಲ್ಲಿ. ನಾನು ಇಣುಕಿದೆ. ಪಟ್ ಅಂತ ಮುಚ್ಚಿ ಜೇಬಿಗೆ ಹಾಕ್ಕೊಂಡ್ರು.

ಆ ಇಂಕು ನೋಡಿದ್ಮೇಲೆ ನಾನು ಮಾಡಿದ್ದು ಏನು ಅಂತ ನನಗೆ ಅರ್ಥ ಆಯ್ತು. ಮೂರು ಸಾವಿರದ ಇನ್ನೂರ ಹನ್ನೊಂದು ಸತ್ಯದ ಕೆಳಗೆ ನನ್ನ ಸುಳ್ಳು. "ವಿಲ್ಫ್, ಒಂದು ವಿಷಯ ಹೇಳ್ಬೇಕು" ಅಂತ ಬಾಯಿ ತೆಗೆದೆ.

"ಏನದು ಹೊಳೀತಿರೋದು?" ಅಂತ ಹಿಂದಿಂದ ಯಾರೋ ಕೇಳಿದ್ರು.

ಲೆಗೆಟ್ ಹೊಲದ ಅಂಚಲ್ಲಿ ಊರಿನವರೆಲ್ಲ ನಡೆಯೋ ಕಾಲುದಾರಿ ಇದೆ. ಅಲ್ಲಿ ನಿಂತಿದ್ದವರು ನಮ್ಮ ಪಂಚಾಯ್ತಿ ಅಧ್ಯಕ್ಷರು, ಕ್ಲೆಮೆಂಟ್ ಪಿಂಚ್‌ಬೆಕ್, ಜೊತೆಗೆ ಅವರ ಕುಳ್ಳ ನಾಯಿ. ಅವರು ಬೇರೆ ಯಾವ ದಿನ ಬಂದಿದ್ರೂ ಪರವಾಗಿರ್ಲಿಲ್ಲ. ಆದ್ರೆ ಲೆಗೆಟ್ ಈ ಹೊಲಕ್ಕೆ ಸೋಲಾರ್ ಫಲಕ ಹಾಕ್ಸೋಕೆ ಹೊರಟಿದ್ರು, ಪಿಂಚ್‌ಬೆಕ್ ಅದನ್ನ ನಿಲ್ಲಿಸೋಕೆ ಎಂಟು ತಿಂಗಳಿಂದ ಕಾರಣ ಹುಡುಕ್ತಿದ್ರು. ಅಪರೂಪದ ಕಪ್ಪೆ ಇದೆ ಅಂದ್ರು, ಕಪ್ಪೆ ಬರ್ಲಿಲ್ಲ. ಬಾವಲಿ ಇದೆ ಅಂದ್ರು, ಬಾವಲಿನೂ ಕೈಕೊಡ್ತು.

"ಏನೂ ಇಲ್ಲ ಕ್ಲೆಮ್" ಅಂದ್ರು ವಿಲ್ಫ್.

"ಏನೂ ಇಲ್ಲ ಅಂದ್ರೆ ಏನೋ ಇದೆ ಅಂತ. ಕೊಡು ಇಲ್ಲಿ." ಕಾಲುದಾರಿಯಿಂದ ಕೈ ಚಾಚಿ ನಾಣ್ಯ ಇಸ್ಕೊಂಡ್ರು. ತಿರುಗಿಸಿದ್ರು. ಕನ್ನಡಕ ಹಣೆ ಮೇಲೆ ಏರಿಸಿದ್ರು. "ಹದ್ದು. ವಿಲ್ಫ್, ಇದು ಹದ್ದು ಕಣಯ್ಯ."

"ಕೋಳಿ ಥರಾನೂ ಇದೆ."

"ರೋಮನ್ ಸೈನ್ಯದ ಹದ್ದು. ಇಲ್ಲಿ ರೋಮನ್ನರ ದಂಡು ಇತ್ತು. ನಮ್ಮೂರಲ್ಲಿ. ಈ ಹೊಲದಲ್ಲಿ."

"ಅದು ಅಂಥದ್ದೇನಲ್ಲ ಕ್ಲೆಮ್, ದಯವಿಟ್ಟು ಯಾರಿಗೂ ಹೇಳೋಕೆ ಹೋಗ್ಬೇಡ."

"ವಿನಯ ನೋಡು" ಅಂತ ಪಿಂಚ್‌ಬೆಕ್ ನನ್ನ ಕಡೆ ತಿರುಗಿದ್ರು. "ಈ ಮನುಷ್ಯನ ವಿನಯ ನೋಡಮ್ಮ."

"ಸರ್, ನಾನೊಂದು ಮಾತು" ಅಂದೆ.

"ಇದನ್ನ ಹಿಡ್ಕೋ" ಅಂತ ನಾಯಿಯ ಹಗ್ಗ ನನ್ನ ಕೈಗೆ ಕೊಟ್ಟು, ಎರಡೂ ಹೆಬ್ಬೆರಳಲ್ಲಿ ಊರಿನ ವಾಟ್ಸಾಪ್ ಗುಂಪಿಗೆ ಬರೆದ್ರು. "ಮಿಕಲ್‌ಬಿಯಲ್ಲಿ ರೋಮನ್ ದಂಡು ಪತ್ತೆ. ಪತ್ತೆ ಮಾಡಿದವರು ನಮ್ಮ ವಿಲ್ಫ್ರೆಡ್ ಬೊರಿಲ್. ಎಲ್ಲರೂ ಬನ್ನಿ. ಕಾಲುದಾರಿ ಬಿಟ್ಟು ಇಳಿಯಬೇಡಿ."

ಆ ಕೊನೇ ಮಾತು ಬಹಳ ಮುಖ್ಯ. ಕಾಲುದಾರಿ ಮೇಲೆ ಯಾರು ಬೇಕಾದ್ರೂ ನಿಲ್ಬಹುದು, ಅದು ಕಾನೂನು. ಒಂದು ಹೆಜ್ಜೆ ಕೆಳಗಿಟ್ರೆ ಲೆಗೆಟ್ ಓಡಿಸ್ಬಹುದು, ಅದೂ ಕಾನೂನು. ಆ ದಾರಿ ಒಬ್ಬ ಮನುಷ್ಯನ ಅಗಲ. ಚರ್ಚಿನ ಪ್ರಾರ್ಥನೆ ಮುಗಿಸ್ಕೊಂಡು ಹದಿನಾಲ್ಕು ಮಂದಿ ಬಂದು, ಬಸ್ಸಿಗೆ ಕಾಯೋರ ಥರ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತ್ರು. ನಾಣ್ಯ ಕೈಯಿಂದ ಕೈಗೆ ಸಾಲಿನ ತುದಿವರೆಗೆ ಹೋಯ್ತು, ವಾಪಸ್ ಬಂತು. ಅದ್ರ ಹಿಂದೆ ಒಣದ್ರಾಕ್ಷಿ ಬ್ರೆಡ್ಡು, ಚೀಸ್ ಇಟ್ಟಿದ್ದ ತಟ್ಟೆ ಕೂಡ ಹಾಗೇ ಹೋಯ್ತು. ಅದು ವಾಪಸ್ ಬರ್ಲಿಲ್ಲ.

"ನಮ್ಮ ಅಡಿಗೆಮನೆ ಗೋಡೆ ಯಾವಾಗ್ಲೂ ತಣ್ಣಗಿರುತ್ತೆ" ಅಂದ್ರು ಬೇಕರಿಯ ಮಿಸೆಸ್ ಸೋವರ್ಬಿ. "ಕೆಳಗೆ ರೋಮನ್ನರ ಸ್ನಾನದಮನೆ ಇರ್ಬೇಕು."

"ನಿಮ್ಮ ಪೈಪು ಸೋರ್ತಿದೆ ಅಂತ ನಾನು ಮೂರು ವರ್ಷದಿಂದ ಹೇಳ್ತಿದ್ದೀನಿ" ಅಂತ ಹಿಂದಿಂದ ಯಾರೋ ಅಂದ್ರು.

"ಅವರೇ ಹಾಕಿದ ಪೈಪ್ ಇರ್ಬಹುದು."

ವಿಲ್ಫ್ ಎಲ್ರಿಗೂ "ಅದು ಅಂಥದ್ದೇನಲ್ಲ" ಅಂತಿದ್ರು. ಎಲ್ರೂ ಅವರ ಬೆನ್ನು ತಟ್ಟಿ ವಿನಯ, ವಿನಯ ಅಂತಿದ್ರು. ಒಂಬತ್ತು ವರ್ಷ ಅವರನ್ನ ನೋಡಿ ನಗ್ತಿದ್ದ ಊರು ಅವತ್ತು ಅವರ ಕೈ ಕುಲುಕೋಕೆ ಸಾಲು ನಿಂತಿತ್ತು. ಅವರು ಮಾತ್ರ ಯಾರದೋ ಮನೆ ಮದುವೆಗೆ ಗೊತ್ತಾಗದೆ ಬಂದುಬಿಟ್ಟವರ ಥರ ಟೋಪಿ ಕೈಯಲ್ಲಿ ಹಿಡ್ಕೊಂಡು ನಿಂತಿದ್ರು.

ಅಷ್ಟರಲ್ಲಿ ಲೆಗೆಟ್ ತಮ್ಮ ನಾಲ್ಕು ಚಕ್ರದ ಬೈಕಲ್ಲಿ ಧೂಳೆಬ್ಬಿಸ್ಕೊಂಡು ಬಂದ್ರು. ಮೊದಲು ಸಾಲಿನ ಉದ್ದಕ್ಕೂ ಎಲ್ಲರ ಕಾಲು ನೋಡ್ಕೊಂಡು ಹೋದ್ರು. ಒಂದು ಕಾಲೂ ಕೆಳಗಿರ್ಲಿಲ್ಲ. ಅದರಿಂದ ಅವರ ಸಿಟ್ಟು ಇನ್ನೂ ಜಾಸ್ತಿ ಆಯ್ತು.

"ಮಿಸ್ಟರ್ ಲೆಗೆಟ್, ಇದೆಲ್ಲಾ ನನ್ನಿಂದ ಆಗಿದ್ದು" ಅಂತ ನಾನು ಕೂಗಿದೆ. ಬೈಕಿನ ಇಂಜಿನ್ನು ಇನ್ನೂ ಓಡ್ತಿತ್ತು. ಅವರು ಕಿವಿಗೆ ಕೈ ಇಟ್ಟು "ಏನು?" ಅಂದ್ರು, ಆಮೇಲೆ ಉತ್ತರಕ್ಕೆ ಕಾಯದೆ ಪಿಂಚ್‌ಬೆಕ್ ಕಡೆ ಹೋದ್ರು.

"ಯಾವ ರೋಮನ್ನು ಕ್ಲೆಮ್? ನಮ್ಮಪ್ಪ ಐವತ್ತು ವರ್ಷ ಉತ್ತಿದ್ದಾನೆ ಈ ಹೊಲ. ಒಬ್ಬ ರೋಮನ್ನೂ ಎದ್ದು ಬಂದಿಲ್ಲ."

"ಅಧಿಕಾರಿಗಳು ಬರ್ತಿದ್ದಾರೆ ಟೆಡ್. ಅವರು ಹೇಳ್ತಾರೆ. ರೋಮನ್ನರ ಜಾಗ ಅಂದ್ರೆ ಮೇಲೆ ಏನೂ ಕಟ್ಟೋ ಹಾಗಿಲ್ಲ, ಅವರು ಹೇಳೋವರೆಗೆ ಯಾವ ಫಲಕಾನೂ ಇಲ್ಲ."

ಅಧಿಕಾರಿ ಅಂದ್ರೆ ಜಿಲ್ಲೆಯಲ್ಲಿ ನೆಲದಿಂದ ಸಿಕ್ಕಿದ್ದನ್ನೆಲ್ಲ ಪರೀಕ್ಷೆ ಮಾಡಿ ದಾಖಲೆ ಮಾಡೋ ಮಿಸ್ ಆಡ್ಲಾರ್ಡ್. ಪಕ್ಕದೂರಲ್ಲೇ ಮನೆ. ಭಾನುವಾರ ಬರಲ್ಲ ಅಂದ್ರಂತೆ, ಪಿಂಚ್‌ಬೆಕ್ ಆರು ಸಲ ಫೋನ್ ಮಾಡಿದ್ರಂತೆ. ತಲೆಗೆ ಬಣ್ಣ ಹಚ್ಕೊಂಡು, ಮೇಲೆ ಪ್ಲಾಸ್ಟಿಕ್ ಟೋಪಿ ಹಾಕಿ, ಹೆಗಲ ಮೇಲೆ ಹಳೇ ಟವೆಲ್ಲು ಹೊದ್ದು ಕಾಲುದಾರಿಯಲ್ಲಿ ದಾಪುಗಾಲು ಹಾಕ್ಕೊಂಡು ಬಂದ್ರು.

"ಹದಿನೆಂಟು ನಿಮಿಷ ಇದೆ" ಅಂದ್ರು. "ಆಮೇಲೆ ತೊಳೀಲಿಲ್ಲ ಅಂದ್ರೆ ಕೂದಲು ಹಸಿರಾಗುತ್ತೆ. ಎಲ್ಲಿ?"

ನಾಣ್ಯ ಕೊಟ್ರು. ಅವರು ಸಣ್ಣ ಭೂತಗನ್ನಡಿ ಕಣ್ಣಿಗೆ ಹಿಡಿದ್ರು. ಹದಿನಾಲ್ಕು ಮಂದಿ ಅಗಿಯೋದು ನಿಲ್ಲಿಸಿದ್ರು. ಪಿಂಚ್‌ಬೆಕ್ ಉಸಿರು ಬಿಡೋದು ನಿಲ್ಲಿಸಿದ್ರು.

ಒಂದು ನಿಮಿಷಾನೂ ಆಗ್ಲಿಲ್ಲ. "ಅಂಚಲ್ಲಿ ಅಚ್ಚಿನ ಗೆರೆ ಇದೆ. ಎರಕ ಹೊಯ್ದಿದ್ದು, ತವರ. ಪ್ರವಾಸಿಗಳಿಗೆ ಮಾರೋದು, ಈಜಿಪ್ಟಲ್ಲಿ ಬುಟ್ಟಿಗಟ್ಲೆ ಸಿಗುತ್ತೆ. ಹತ್ತು ವರ್ಷದಷ್ಟೂ ಹಳೇದಲ್ಲ." ಆಮೇಲೆ ಗುಂಡಿ ನೋಡಿದ್ರು. "ಇಂಥದ್ದು ತಾನಾಗೇ ನಾಲ್ಕು ಬೆರಳು ಆಳಕ್ಕೆ ಹೋಗಲ್ಲ. ಯಾರೋ ಇಟ್ಟಿದ್ದಾರೆ."

ನಮ್ಮ ಕ್ಲಬ್ಬಿನ ನಿಯಮದ ಪುಸ್ತಕದಲ್ಲಿ ಒಂದು ಸಾಲಿದೆ. ಹೊಲದಲ್ಲಿ ವಸ್ತು ಹುಗಿದು ಸಿಕ್ತು ಅನ್ನೋರ ಹೆಸರು ಶಾಶ್ವತವಾಗಿ ತೆಗೆದುಹಾಕತಕ್ಕದ್ದು. ಆ ಸಾಲು ಬರೆದವರು ವಿಲ್ಫ್.

ಸಾಲಿನಲ್ಲಿದ್ದ ಮುಖಗಳೆಲ್ಲ ಒಟ್ಟಿಗೇ ವಿಲ್ಫ್ ಕಡೆ ತಿರುಗಿದ್ವು. ಐದು ನಿಮಿಷದ ಹಿಂದೆ ಕುಲುಕಿದ ಕೈಗಳು ಒಂದೊಂದಾಗಿ ಜೇಬಿಗೆ ಹೋದ್ವು. "ಒಂಬತ್ತು ವರ್ಷ ಏನೂ ಸಿಗದಿದ್ರೆ ಮನುಷ್ಯನಿಗೆ ಹಾಗನ್ಸುತ್ತೆ ಪಾಪ" ಅಂದ್ರು ಮಿಸೆಸ್ ಸೋವರ್ಬಿ. ಆ ಪಾಪ ಅನ್ನೋ ಮಾತು ಬೈಗುಳಕ್ಕಿಂತ ಕೆಟ್ಟದಾಗಿ ಕೇಳಿಸ್ತು.

ಲೆಗೆಟ್ ಬೈಕಿನಿಂದ ಇಳಿದ್ರು. ಈಗ ದನಿ ತಗ್ಗಿತ್ತು. "ವಿಲ್ಫ್, ಇಬ್ಬರೂ ಒಂದೇ ಬೆಂಚಲ್ಲಿ ಕೂತು ಓದಿದೋರು. ನಮ್ಮನೆಗೆ ಮೂವತ್ತನಾಲ್ಕು ವರ್ಷ ಟಪಾಲು ತಂದೆ ನೀನು. ಒಂದು ಕಾಗದ ತಪ್ಪಿಲ್ಲ. ಅದಕ್ಕೇ ಗೇಟು ತೆಗೆದಿದ್ದೆ. ನೀನೇ ಇಟ್ಯಾ?"

"ಇಲ್ಲ" ಅಂದ್ರು ವಿಲ್ಫ್.

"ಮತ್ಯಾರು?"

ವಿಲ್ಫ್ ಕೈಯಲ್ಲಿದ್ದ ಟೋಪಿಯ ಅಂಚು ತಿರುಗಿಸಿದ್ರು.

"ಗೊತ್ತಿದೆ ನಿನಗೆ. ಮುಖ ನೋಡಿದ್ರೆ ಗೊತ್ತಾಗುತ್ತೆ."

"ಗೊತ್ತಿದೆ. ಹೇಳಲ್ಲ."

"ಹಂಗಾದ್ರೆ ಮೆಷಿನ್ನು ಎತ್ಕೊಂಡು ಹೋಗು ವಿಲ್ಫ್. ಇನ್ನು ಮೇಲೆ ಬರ್ಬೇಡ."

ವಿಲ್ಫ್ ಮಂಡಿಯೂರಿ ಮೆಷಿನ್ನಿನ ತಿರುಪು ಬಿಚ್ಚೋಕೆ ಶುರು ಮಾಡಿದ್ರು. ಅದು ಮೂರು ತುಂಡಾಗುತ್ತೆ. ಮೊದಲನೇ ತುಂಡು ಹುಲ್ಲಿನ ಮೇಲೆ ಇಟ್ರು. ಎನಿಡ್ ಕಟ್ಟಿದ್ದ ಚೀಟಿ ಗಾಳಿಗೆ ತಿರುಗ್ತಿತ್ತು.

ಗೊತ್ತಿದೆ ಅಂದ್ರಲ್ಲ ಅನ್ನೋದು ನನ್ನ ತಲೆಗೆ ಹೋಗೋಕೆ ಅಷ್ಟು ಹೊತ್ತು ಬೇಕಾಯ್ತು. ನಾಯಿ ಹಗ್ಗ ಬಿಟ್ಟೆ. ಜೇಬಿಂದ ಆ ಗುಲಾಬಿ ಸರ್ಟಿಫಿಕೇಟು ತೆಗೆದು, ಪರೀಕ್ಷೆಗೆ ತಡವಾಗಿ ಬಂದವಳ ಥರ ಮಿಸ್ ಆಡ್ಲಾರ್ಡ್ ಕೈಗೆ ಕೊಟ್ಟೆ.

ಅವರು ಜೋರಾಗಿ ಓದಿದ್ರು. "ಈ ನಾಣ್ಯವು ಮಹಾರಾಣಿಯ ಸ್ವಂತ ಉಪಯೋಗದ್ದೆಂದು ದೃಢೀಕರಿಸಲಾಗಿದೆ. ಮುರಿದಲ್ಲಿ ಬದಲಾಯಿಸಿ ಕೊಡಲಾಗುವುದು."

"ನನ್ನದು" ಅಂದೆ. "ಬೆಳಿಗ್ಗೆ ನಾನೇ ಇಟ್ಟೆ. ಅವರು ಬೇಲಿ ಹಿಂದೆ ಹೋಗಿದ್ದಾಗ. ಅವರು ಬಿಟ್ಬಿಡ್ತೀನಿ ಅಂದ್ರು, ಒಂದು ಏನಾದ್ರೂ ಸಿಕ್ಕಿದ್ರೆ ಬಿಡಲ್ಲ ಅನ್ನಿಸ್ತು. ಮೂರು ಸಲ ಹೇಳೋಕೆ ಬಂದೆ, ನಾಯಿ ಹಿಡ್ಕೋ ಅಂದ್ರು."

ಪಿಂಚ್‌ಬೆಕ್ ಅವರ ಮುಖದಲ್ಲಿ ಒಂದಿಡೀ ರೋಮನ್ ದಂಡು ಗಂಟು ಮೂಟೆ ಕಟ್ಟಿ ಹೊರಟುಹೋಗ್ತಿರೋದು ಕಾಣಿಸ್ತಿತ್ತು.

"ಮಿಸ್ಟರ್ ಬೊರಿಲ್, ಇದನ್ನ ನಿಮ್ಮ ನೋಟ್‌ಬುಕ್ಕಲ್ಲಿ ಬರೆದಿದ್ದೀರಾ?" ಅಂತ ಮಿಸ್ ಆಡ್ಲಾರ್ಡ್ ಕೇಳಿದ್ರು.

"ಬರೆದಿದ್ದೀನಿ."

"ಇಂಕಲ್ಲಾ?"

"ನಾನು ಪೆನ್ಸಿಲ್ ಇಟ್ಕೊಳ್ಳಲ್ಲ."

"ಹಾಗಾದ್ರೆ ತಪ್ಪು ದಾಖಲೆ ಆಯ್ತು. ಹೊಡೆದುಹಾಕ್ಬೇಕು. ಕೊಡಿ."

ವಿಲ್ಫ್ ಕೊಡೋಕೆ ಇಷ್ಟ ಇಲ್ಲದೆ ಕೊಟ್ರು. ಮಿಸ್ ಆಡ್ಲಾರ್ಡ್ ಕೊನೇ ಪುಟ ತೆಗೆದು ಜೋರಾಗಿ ಓದೋಕೆ ಶುರು ಮಾಡಿದ್ರು, ಅರ್ಧಕ್ಕೆ ಬಂದಾಗ ಅವರ ದನಿ ಮೆತ್ತಗಾಯ್ತು.

"ಸಂಖ್ಯೆ ೩,೨೧೨. ಬಿಲ್ಲೆ ಒಂದು, ತವರದ್ದು. ಓಕ್ ಮರದಿಂದ ಹದಿನೆಂಟು ಹೆಜ್ಜೆ, ಹುಲ್ಲಂಚು. ಆಳ: ನಾಲ್ಕು ಬೆರಳು. ಕಾಲ: ಇವತ್ತು ಬೆಳಿಗ್ಗೆ. ಷರಾ: ಕಳಿಸಿದವರು ಬ್ರಯೊನಿ. ಬಟವಾಡೆ ಆಗಿದೆ."

ಲೆಗೆಟ್ ಆ ಕಡೆ ತಿರುಗಿ ಬೈಕಿನ ಕನ್ನಡಿ ಒರೆಸಿದ್ರು. ಅದು ಒರೆಸೋವಷ್ಟು ಕೊಳೆಯಾಗಿರ್ಲಿಲ್ಲ.

ಮಿಸ್ ಆಡ್ಲಾರ್ಡ್ ಪುಟ ಹಿಂದಕ್ಕೆ ತಿರುವಿದ್ರು. ಇನ್ನೂ ಹಿಂದಕ್ಕೆ ತಿರುವಿದ್ರು. "ಎಲ್ಲಾ ಹೀಗೇ ಬರೆದಿದ್ದೀರಾ? ಹೆಜ್ಜೆ ಲೆಕ್ಕದಲ್ಲಿ? ಡಬ್ಬಿ ರಿಂಗು ಕೂಡ?"

"ಅದಕ್ಕೂ ವಿಳಾಸ ಇರುತ್ತಲ್ಲ."

"ಬಂಗಾರ ಸಿಕ್ಕೋರೆಲ್ಲ ನನ್ನ ಹತ್ರ ಬರ್ತಾರೆ. ಎಲ್ಲಿ ಸಿಕ್ತು ಅಂದ್ರೆ ಆ ಕಡೆ ಎಲ್ಲೋ ಅಂತಾರೆ." ಅವರು ಒಂದು ಪುಟದ ಮೇಲೆ ಬೆರಳೆಳೆದ್ರು. "ಈ ಪ್ಯಾಂಟಿನ ಗುಂಡಿಗಳು, ಈ ಲಾಳದ ಮೊಳೆ, ಇದೆಲ್ಲ ಓಕ್ ಮರದಿಂದ ಹಳ್ಳದವರೆಗೆ ಒಂದೇ ಸಾಲಲ್ಲಿವೆ. ಇಲ್ಲೊಂದು ದಾರಿ ಇತ್ತು. ಯಾವ ನಕ್ಷೆಯಲ್ಲೂ ಇಲ್ಲ ಇದು."

"ರೋಮನ್ ದಾರಿನಾ?" ಪಿಂಚ್‌ಬೆಕ್ ಕಣ್ಣಲ್ಲಿ ಮತ್ತೆ ದೀಪ ಹತ್ಕೊಳ್ತು.

"ಇಲ್ಲ. ನೂರೈವತ್ತು ವರ್ಷದ್ದಿರಬೇಕು. ಕೂಲಿಯವರು ಹೊಲದ ಕೆಲಸ ಮುಗಿಸಿ ಕುದುರೆ ಸಮೇತ ಪಬ್ಬಿಗೆ ಹೋಗ್ತಿದ್ದ ದಾರಿ. ಹೋಗ್ತಾ ಮೊಳೆ ಬಿದ್ದಿದೆ. ಬರ್ತಾ ಗುಂಡಿ ಕಿತ್ತಿದೆ."

ಅವರ ಜೇಬಲ್ಲಿ ಅಲಾರಂ ಹೊಡ್ಕೊಳ್ತು. "ನನ್ನ ಕೂದಲು" ಅಂದ್ರು. "ಇದು ಒಂದು ವಾರ ನನ್ನ ಹತ್ರ ಇರ್ಲಿ" ಅಂತ ನೋಟ್‌ಬುಕ್ಕು ಎದೆಗವಚ್ಕೊಂಡು ಓಡಿದ್ರು. ಹದಿನಾಲ್ಕು ಮಂದಿ ಒಬ್ಬರಾದ ಮೇಲೆ ಒಬ್ಬರು ಪಕ್ಕಕ್ಕೆ ವಾಲಿ ದಾರಿ ಬಿಟ್ರು. ಅಷ್ಟಾದ್ರೂ ಒಬ್ಬರೂ ಹೊಲಕ್ಕೆ ಕಾಲಿಡ್ಲಿಲ್ಲ.

ಲೆಗೆಟ್ ಬೈಕು ಹತ್ತಿದ್ರು. "ಮುಂದಿನ ಭಾನುವಾರ ಗೇಟು ತೆಗೆದಿರ್ತೀನಿ ವಿಲ್ಫ್. ಒಳಗೆ ಬಿಡೋ ಮುಂಚೆ ಆ ಹುಡುಗಿ ಜೇಬು ನೋಡು."

ಎಲ್ರೂ ಹೋದ್ಮೇಲೆ ಇಬ್ಬರೇ ಉಳಿದ್ವಿ. ನಾನು ಗುಂಡಿ ಮುಚ್ಚಿದೆ. ಹಿಮ್ಮಡಿಯಲ್ಲಿ ಎರಡು, ಮುಂಗಾಲಲ್ಲಿ ಒಂದು.

"ಹೇಗೆ ಗೊತ್ತಾಯ್ತು?" ಅಂದೆ.

"ಒಂದು ತಿಂಗಳಿಂದ ಮಳೆ ಇಲ್ಲ. ಇಡೀ ಹೊಲದಲ್ಲಿ ಅಂಗೈಯಗಲ ಜಾಗ ಒದ್ದೆ. ಮೂಸಿ ನೋಡಿದೆ. ಹಾಲು, ಎರಡು ಚಮಚ ಸಕ್ಕರೆ."

"ಆಗ್ಲೇ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನಿನ್ನ ಹೆಸರು ಹೋಗ್ತಿತ್ತು."

"ಹೇಳದೇ ನಿಮ್ಮ ಹೆಸರು ಹೋಗ್ತಿತ್ತು."

"ನನ್ನದು ಹಳೇದು ಡಕ್. ಸ್ವಲ್ಪ ಮಣ್ಣು ಹತ್ತಿದ್ರೂ ತಡ್ಕೊಳ್ಳುತ್ತೆ." ಆಮೇಲೆ ಮುಖ ಗಟ್ಟಿ ಮಾಡ್ಕೊಂಡ್ರು. "ಗುರುವಾರ ಕ್ಲಬ್ಬಲ್ಲಿ ನೀನೇ ಎದ್ದು ನಿಂತು ಹೇಳ್ತೀಯ. ಎಲ್ರೂ ಬೈತಾರೆ. ದಂತವೈದ್ಯನೂ ಬೈತಾನೆ. ಕೂತ್ಕೊಂಡು ಕೇಳು."

"ಹೆಸರು ತೆಗೆದುಹಾಕ್ತಾರಾ?"

"ಹಾಕ್ಬಹುದು. ಆಮೇಲೆ ಭಾನುವಾರ ನನ್ನ ಸಲಿಕೆ ಹೊರೋಕೆ ಬಾ. ಅದಕ್ಕೆ ಮೆಂಬರ್ ಆಗ್ಬೇಕಿಲ್ಲ." ಗುಂಡಿ ಮುಚ್ಚಿದ ಜಾಗ ಒಂದ್ಸಲ ನೋಡಿದ್ರು. "ಮುಚ್ಚೋದು ಮಾತ್ರ ಚೆನ್ನಾಗಿ ಕಲ್ತಿದ್ದೀಯ."

ಬಿಚ್ಚಿದ್ದ ತುಂಡು ಮತ್ತೆ ಸಿಕ್ಕಿಸಿ, ತಿರುಪು ಬಿಗಿ ಮಾಡಿ ಗೇಟಿನ ಕಡೆ ಹೊರಟ್ರು. ಮನೆಗೆ ಹೋಗೋವಾಗ್ಲೂ ಅವರ ಕೈ ಸುಮ್ನಿರಲ್ಲ, ಮೆಷಿನ್ನು ಆಚೆ ಈಚೆ ಬೀಸ್ತಾನೇ ಇರುತ್ತೆ. ಕೂಳೆ ಮಧ್ಯೆ ಅದು ಕೂಗ್ತು. ನಾನೇ ಅಗೆದೆ. ಡಬ್ಬಿ ರಿಂಗು.

ವಿಲ್ಫ್ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದ್ರು. ನೋಟ್‌ಬುಕ್ಕು ಇರ್ಲಿಲ್ಲ. ಆಮೇಲೆ ಮೆಷಿನ್ನಿನ ಹಿಡಿಯಿಂದ ಎನಿಡ್ ಕಟ್ಟಿದ್ದ ಚೀಟಿ ಕಿತ್ತು, ಹಿಂದೆ ತಿರುಗಿಸಿ, ಪೆನ್ನಿನ ಜೊತೆ ನನ್ನ ಕೈಗೆ ಕೊಟ್ರು.

ಎರಡು ವರ್ಷದಲ್ಲಿ ಮೊದಲನೇ ಸಲ. ನಾನು ಚೀಟಿಯನ್ನ ತೊಡೆ ಮೇಲೆ ಇಟ್ಕೊಂಡು ಬರೆದೆ. ಸಂಖ್ಯೆ ೩,೨೧೩. ಡಬ್ಬಿ ರಿಂಗು. ಓಕ್ ಮರದಿಂದ ನೂರಾ ಆರು ಹೆಜ್ಜೆ. ಆಳ: ಎರಡು ಬೆರಳು.

"ಕಾಲ?" ಅಂದೆ.

ವಿಲ್ಫ್ ರಿಂಗನ್ನ ಬೆಳಕಿಗೆ ಹಿಡಿದು ನೋಡಿದ್ರು.

"ಯಾರಿಗೋ ಬಾಯಾರಿದ್ದ ಕಾಲ. ಹಾಗೇ ಬರಿ."